ಲಿವರ್ ‘ಡಿ’ಯಲ್ಲಿದ್ದರೂ ಕಾರು ಹೊರಡದಿದ್ದಾಗ: ಆಟೊಮ್ಯಾಟಿಕ್ ಗೇರ್‌ಬಾಕ್ಸಿನ ಎಣ್ಣೆಯನ್ನು ಮನೆಯಲ್ಲೇ ಪರೀಕ್ಷಿಸಿ ತುಂಬುವ ಕ್ರಮ

ಬೆಳಿಗ್ಗೆ ಕಾರನ್ನು ಸ್ಟಾರ್ಟ್ ಮಾಡಿ, ಹಿಂದಕ್ಕೆ ತೆಗೆಯಲು ಲಿವರನ್ನು ‘ಆರ್’ಗೆ ತಂದರೆ ಎರಡು ಮೂರು ಸೆಕೆಂಡು ಏನೂ ಆಗುವುದಿಲ್ಲ, ಆಮೇಲೆ ಧಡ್ ಎಂದು ಗೇರು ಬಿದ್ದು ಕಾರು ಜಗ್ಗುತ್ತದೆ. ಹಳೆಯ ಆಟೊಮ್ಯಾಟಿಕ್ ಕಾರು ಇಟ್ಟುಕೊಂಡವರು ಅತಿ ಹೆಚ್ಚಾಗಿ ಹೇಳುವ ದೂರು ಇದು. ಇದಕ್ಕೆ ಎಲ್ಲರ ಬಾಯಲ್ಲೂ ಸಿದ್ಧವಾಗಿರುವ ಉತ್ತರವೆಂದರೆ, ‘ಗೇರ್ ಆಯಿಲ್ ಕಮ್ಮಿಯಾಗಿರಬೇಕು, ಒಂದು ಲೀಟರ್ ಹಾಕಿಸಿ’ ಎಂಬುದು. ಉತ್ತರ ಅರ್ಧ ಸರಿಯಿದೆ. ಉಳಿದ ಅರ್ಧವನ್ನು ಯಾರೂ ಕೇಳುವುದಿಲ್ಲ. ಕಮ್ಮಿಯಾದ ಎಣ್ಣೆ ಹೋಯಿತೆಲ್ಲಿಗೆ?

ಎಂಜಿನ್ ಆಯಿಲ್ ಸ್ವಲ್ಪ ಸ್ವಲ್ಪವಾಗಿ ಉರಿದು ಕಡಿಮೆಯಾಗುವುದುಂಟು. ಗೇರ್‌ಬಾಕ್ಸಿನ ಎಣ್ಣೆಗೆ ಬೆಂಕಿಯ ಸಂಪರ್ಕವೇ ಇಲ್ಲ. ಅದು ಮುಚ್ಚಿದ ಪೆಟ್ಟಿಗೆಯೊಳಗೆ ಸುತ್ತುತ್ತಿರುತ್ತದೆ, ಅಷ್ಟೆ. ಆದ್ದರಿಂದ ಅದರ ಮಟ್ಟ ಇಳಿದಿದೆ ಎಂದರೆ ಒಂದೋ ಎಲ್ಲೋ ಸೋರುತ್ತಿದೆ, ಇಲ್ಲವೇ ಹಿಂದಿನ ಸಲ ಬದಲಾಯಿಸಿದವರು ಅಳತೆ ತಪ್ಪಿದ್ದಾರೆ. ಈ ಎರಡರಲ್ಲಿ ಯಾವುದು ಎಂದು ತಿಳಿಯದೆ ಡಬ್ಬಿಯ ಮುಚ್ಚಳ ತೆರೆಯಬಾರದು ಎಂಬುದೇ ಈ ಕೈಪಿಡಿಯ ಮೊದಲ ಷರತ್ತು. ಕೆಳಗಿನ ಬರಹವೂ ಅದೇ ಕ್ರಮದಲ್ಲಿದೆ: ಪರೀಕ್ಷೆ ಮೊದಲು, ಸುರಿಯುವುದು ಆಮೇಲೆ.

ಮೊದಲಿಗೆ, ಇದು ಯಾವ ಬಗೆಯ ಆಟೊಮ್ಯಾಟಿಕ್?

ಕ್ಲಚ್ ಪೆಡಲ್ ಇಲ್ಲದ ಕಾರುಗಳನ್ನೆಲ್ಲ ನಾವು ಆಟೊಮ್ಯಾಟಿಕ್ ಎಂದು ಕರೆದುಬಿಡುತ್ತೇವೆ. ಆದರೆ ಒಳಗಿನ ಯಂತ್ರ ನಾಲ್ಕು ಬಗೆಯದ್ದಾಗಿರಬಹುದು. 2014ರಲ್ಲಿ ಮಾರುತಿ ಸೆಲೆರಿಯೊದೊಂದಿಗೆ ಭಾರತಕ್ಕೆ ಬಂದ ಎಎಂಟಿ ಎಂಬುದು ಸಾಧಾರಣ ಮ್ಯಾನುಯಲ್ ಗೇರ್‌ಬಾಕ್ಸೇ. ಕ್ಲಚ್ ಒತ್ತುವ ಮತ್ತು ಗೇರು ಹಾಕುವ ಕೆಲಸವನ್ನು ಮಾತ್ರ ಒಂದು ಹೈಡ್ರಾಲಿಕ್ ಘಟಕ ಮಾಡುತ್ತದೆ. ಅದಕ್ಕೆ ಇಲ್ಲಿ ಹೇಳುತ್ತಿರುವ ಎಟಿಎಫ್ (ಆಟೊಮ್ಯಾಟಿಕ್ ಟ್ರಾನ್ಸ್‌ಮಿಷನ್ ಫ್ಲೂಯಿಡ್) ಎಂಬ ಕೆಂಪು ಎಣ್ಣೆ ಬೇಕಿಲ್ಲ. ಗೇರ್‌ಬಾಕ್ಸಿಗೆ ಮ್ಯಾನುಯಲ್ ಗೇರ್ ಆಯಿಲ್, ಹೈಡ್ರಾಲಿಕ್ ಘಟಕಕ್ಕೆ ಅದರದೇ ಬೇರೆ ಎಣ್ಣೆ. ಹೋಂಡಾ ಸಿಟಿಯಂಥ ಕಾರುಗಳ ಸಿವಿಟಿಯಲ್ಲಿ ಲೋಹದ ಬೆಲ್ಟು ಎರಡು ರಾಟೆಗಳ ನಡುವೆ ಜಾರದೆ ಹಿಡಿದುಕೊಳ್ಳಬೇಕಾಗಿರುವುದರಿಂದ ಅದಕ್ಕೆ ಪ್ರತ್ಯೇಕ ಸಿವಿಟಿ ಎಣ್ಣೆಯೇ ಆಗಬೇಕು; ಅದರೊಳಗೆ ಎಟಿಎಫ್ ಹಾಕಿದರೆ ಬೆಲ್ಟು ಜಾರಿ ರಾಟೆಗೆ ಗೀರು ಬೀಳುತ್ತದೆ. ಫೋಕ್ಸ್‌ವ್ಯಾಗನ್ ಪೋಲೊ ಜಿಟಿ ಟಿಎಸ್‌ಐನಲ್ಲಿದ್ದ ಏಳು ಗೇರಿನ ಡಿಎಸ್‌ಜಿಯದ್ದು ಒಣ ಜೋಡಿ ಕ್ಲಚ್ಚು. ಅದರ ಲೆಕ್ಕವೂ ಬೇರೆ. ಈ ಬರಹ ಉಳಿದಿರುವ ನಾಲ್ಕನೆಯ ಬಗೆಗೆ, ಅಂದರೆ ಎಂಜಿನ್ನಿನ ಬಲವನ್ನು ಎಣ್ಣೆಯ ಮೂಲಕ ದಾಟಿಸುವ ಟಾರ್ಕ್ ಕನ್ವರ್ಟರ್ ಇರುವ ಗೇರ್‌ಬಾಕ್ಸಿಗೆ ಮಾತ್ರ ಸೀಮಿತ. ಹಳೆಯ ಹ್ಯುಂಡೈ ಐ10ರ ನಾಲ್ಕು ಗೇರಿನದು, ಕ್ರೆಟಾ ಮತ್ತು ಇನ್ನೋವಾ ಕ್ರಿಸ್ಟಾಗಳ ಆರು ಗೇರಿನದು ಈ ಗುಂಪಿಗೆ ಸೇರುತ್ತವೆ. ನಿಮ್ಮದು ಯಾವುದೆಂದು ಕಾರಿನ ಪುಸ್ತಕದಲ್ಲಿ ನೋಡಿಕೊಳ್ಳದೆ ಮುಂದಿನ ಸಾಲಿಗೆ ಬರಬೇಡಿ.

ಲಕ್ಷಣಗಳು ಏನು ಹೇಳುತ್ತವೆ

ಟಾರ್ಕ್ ಕನ್ವರ್ಟರ್ ಗೇರ್‌ಬಾಕ್ಸಿನಲ್ಲಿ ಎಣ್ಣೆಯದು ಕೇವಲ ಜಿಡ್ಡಿನ ಕೆಲಸವಲ್ಲ. ಎಂಜಿನ್ನಿನ ಬಲವನ್ನು ಚಕ್ರಕ್ಕೆ ದಾಟಿಸುವುದೂ ಅದೇ, ಕ್ಲಚ್ ಪ್ಲೇಟುಗಳನ್ನು ಒತ್ತಿ ಹಿಡಿಯುವುದೂ ಅದೇ, ಬಿಸಿಯನ್ನು ಹೊತ್ತು ಕೂಲರಿಗೆ ಒಯ್ಯುವುದೂ ಅದೇ. ಎಣ್ಣೆ ನಿಲ್ಲುವ ತಳದ ಚೇಂಬರಿನಿಂದ ಒಂದು ಪಂಪು ಎಣ್ಣೆಯನ್ನು ಹೀರಿ ಒತ್ತಡದಲ್ಲಿ ಎಲ್ಲೆಡೆಗೆ ಕಳಿಸುತ್ತದೆ. ಮಟ್ಟ ಇಳಿದಾಗ ಪಂಪು ಎಣ್ಣೆಯ ಜೊತೆಗೆ ಗಾಳಿಯನ್ನೂ ಹೀರುತ್ತದೆ. ಗಾಳಿಯನ್ನು ಹಿಸುಕಬಹುದಾದ್ದರಿಂದ ಒತ್ತಡ ನಿಲ್ಲುವುದಿಲ್ಲ, ಕ್ಲಚ್ ಪ್ಲೇಟುಗಳು ಅರ್ಧಂಬರ್ಧ ಹಿಡಿದು ಜಾರುತ್ತವೆ.

ಇಷ್ಟು ತಿಳಿದರೆ ಲಕ್ಷಣಗಳು ತಾವೇ ಅರ್ಥವಾಗುತ್ತವೆ. ಗೇರು ಬೀಳುವುದು ತಡವಾಗುತ್ತದೆ, ಅದರಲ್ಲೂ ರಾತ್ರಿಯಿಡೀ ನಿಂತ ಕಾರಿನಲ್ಲಿ ಬೆಳಗಿನ ಮೊದಲ ಗೇರು. ಎರಡರಿಂದ ಮೂರಕ್ಕೆ ಏರುವಾಗ ಎಂಜಿನ್ ಒಮ್ಮೆ ಸುಮ್ಮನೆ ಕೂಗಿ ಆಮೇಲೆ ಗೇರು ಹಿಡಿಯುತ್ತದೆ. ತಿರುವಿನಲ್ಲಿ, ಏರಿನಲ್ಲಿ ಅಥವಾ ಜೋರಾಗಿ ಬ್ರೇಕ್ ಹಿಡಿದ ಮರುಕ್ಷಣದಲ್ಲಿ ಮಾತ್ರ ಕಾರಿನ ಎಳೆತ ತಪ್ಪಿ, ರಸ್ತೆ ಸಮವಾದೊಡನೆ ಸರಿಹೋದರೆ ಎಣ್ಣೆ ಕಡಿಮೆಯಿದೆ ಎಂಬ ಅನುಮಾನ ಬಹಳ ಬಲವಾಗುತ್ತದೆ. ಏಕೆಂದರೆ ಆಗ ಇದ್ದಷ್ಟು ಎಣ್ಣೆ ಚೇಂಬರಿನ ಒಂದು ಬದಿಗೆ ಸರಿದು ಪಂಪಿನ ಬಾಯಿ ಗಾಳಿಗೆ ತೆರೆದುಕೊಂಡಿರುತ್ತದೆ. ಎಂಜಿನ್ ವೇಗಕ್ಕೆ ತಕ್ಕಂತೆ ಏರಿಳಿಯುವ ಕುಂಯ್ ಎಂಬ ಸದ್ದೂ ಈ ಗಾಳಿಯದೇ ಆಗಿರಬಹುದು.

‘ತಡ’ ಎಂಬುದನ್ನು ಅಂದಾಜಿಗೆ ಬಿಡದೆ ಅಳೆಯಬಹುದು. ಎಂಜಿನ್ ಮತ್ತು ಗೇರ್‌ಬಾಕ್ಸ್ ಬಿಸಿಯಾದ ಮೇಲೆ, ಎ.ಸಿ. ಆಫ್ ಮಾಡಿ, ಹ್ಯಾಂಡ್‌ಬ್ರೇಕ್ ಎಳೆದು, ಬ್ರೇಕನ್ನು ಗಟ್ಟಿಯಾಗಿ ಒತ್ತಿಕೊಂಡು ಲಿವರನ್ನು ‘ಎನ್’ನಿಂದ ‘ಡಿ’ಗೆ ತನ್ನಿ, ಲಿವರ್ ಸರಿದ ಗಳಿಗೆಯಿಂದ ಗೇರು ಬಿದ್ದ ಸಣ್ಣ ತಳ್ಳಾಟ ಅನುಭವಕ್ಕೆ ಬರುವವರೆಗಿನ ಕಾಲವನ್ನು ಮೊಬೈಲಿನ ಸ್ಟಾಪ್‌ವಾಚಿನಲ್ಲಿ ಹಿಡಿಯಿರಿ. ಟೊಯೋಟಾದ ಸರ್ವಿಸ್ ಪುಸ್ತಕಗಳಲ್ಲಿ ಇದು ‘ಡಿ’ಗೆ 1.2 ಸೆಕೆಂಡಿಗಿಂತ, ‘ಆರ್’ಗೆ 1.5 ಸೆಕೆಂಡಿಗಿಂತ ಕಡಿಮೆ ಇರಬೇಕು ಎಂಬ ಅಳತೆಯಿದೆ. ಬೇರೆ ಕಾರುಗಳಿಗೂ ಅದನ್ನು ಸ್ಥೂಲ ಮಾನದಂಡವಾಗಿ ಇಟ್ಟುಕೊಳ್ಳಬಹುದು. ಪ್ರತಿ ಸಲಕ್ಕೂ ಒಂದು ನಿಮಿಷದ ಅಂತರ ಕೊಟ್ಟು ಮೂರು ಸಲ ಅಳೆದು ಸರಾಸರಿ ತೆಗೆಯಿರಿ. ಬ್ರೇಕ್ ಒತ್ತಿಕೊಂಡೇ ಆಕ್ಸಿಲರೇಟರನ್ನು ಪೂರ್ತಿ ತುಳಿದು ನೋಡುವ ಸ್ಟಾಲ್ ಪರೀಕ್ಷೆಯನ್ನು ಮನೆಯಲ್ಲಿ ಮಾಡಬೇಡಿ. ಕೆಲವೇ ಸೆಕೆಂಡುಗಳಲ್ಲಿ ಎಣ್ಣೆ ವಿಪರೀತ ಬಿಸಿಯಾಗುತ್ತದೆ.

ಎಣ್ಣೆಯ ತಲೆಗೆ ಕಟ್ಟಬಾರದ ದೂರುಗಳೂ ಇವೆ. ಗೇರು ತಡವಿಲ್ಲದೆ ಬಿದ್ದು, ಧಡ್ ಎಂಬ ಹೊಡೆತ ಮಾತ್ರ ಇದ್ದರೆ ಎಂಜಿನ್ ಮೌಂಟಿಂಗಿನ ರಬ್ಬರ್ ಹರಿದಿರಬಹುದು ಅಥವಾ ಐಡಲ್ ವೇಗ ಹೆಚ್ಚಿರಬಹುದು. ಕಾರು ಒಂದೇ ಗೇರಿನಲ್ಲಿ, ಸಾಮಾನ್ಯವಾಗಿ ಮೂರನೆಯದರಲ್ಲಿ, ಕಚ್ಚಿಕೊಂಡು ಡ್ಯಾಶ್‌ಬೋರ್ಡಿನಲ್ಲಿ ದೀಪ ಹೊತ್ತಿದ್ದರೆ ಕಂಪ್ಯೂಟರು ಯಾವುದೋ ಸೆನ್ಸರ್ ಅಥವಾ ವೈರಿನ ದೋಷ ಕಂಡು ಗೇರ್‌ಬಾಕ್ಸನ್ನು ಕಾಪಾಡಲು ಹಾಗೆ ಮಾಡಿದೆ ಎಂದರ್ಥ. ಮೊದಲು ಸ್ಕ್ಯಾನರಿನಲ್ಲಿ ಕೋಡ್ ಓದಿಸಬೇಕು. 50ರಿಂದ 70 ಕಿ.ಮೀ. ವೇಗದಲ್ಲಿ ಆಕ್ಸಿಲರೇಟರ್ ಹದವಾಗಿ ಒತ್ತಿಕೊಂಡಿರುವಾಗ, ಸಾಲು ಉಬ್ಬುಗಳ ಮೇಲೆ ಹೋದಂತೆ ನವಿರಾಗಿ ನಡುಗಿದರೆ ಅದು ಹೆಚ್ಚಾಗಿ ಕನ್ವರ್ಟರಿನೊಳಗಿನ ಲಾಕ್‌ಅಪ್ ಕ್ಲಚ್ಚಿನದು. ಅಲ್ಲಿ ಎಣ್ಣೆ ಕಡಿಮೆಯಾಗಿರುವುದಿಲ್ಲ, ಹಳೆಯದಾಗಿರುತ್ತದೆ. ಮೇಲೆ ಸುರಿದರೆ ಪ್ರಯೋಜನವಿಲ್ಲ, ಬದಲಾಯಿಸಿದರೆ ಹಲವು ಸಲ ಸರಿಹೋಗುತ್ತದೆ.

ಡಿಪ್‌ಸ್ಟಿಕ್ ಓದುವುದು

ಡಿಪ್‌ಸ್ಟಿಕ್ ಎಂದರೆ ಎಣ್ಣೆಯ ಮಟ್ಟ ನೋಡುವ ಕಡ್ಡಿ. ಮನೆಯಲ್ಲಿ ಮಾಡುವ ತಪ್ಪುಗಳಲ್ಲಿ ಹೆಚ್ಚಿನವು ಇಲ್ಲೇ ಆಗುತ್ತವೆ. ನನ್ನ ಮೊದಲ ತಪ್ಪೂ ಇಲ್ಲಿಯದೇ. ಎಂಜಿನ್ ಆಯಿಲ್ ನೋಡುವ ಅಭ್ಯಾಸದಲ್ಲಿ ಬೆಳಗಿನ ಜಾವ ತಣ್ಣಗಿದ್ದ ಕಾರನ್ನು ಸ್ಟಾರ್ಟ್ ಮಾಡಿ ಕಡ್ಡಿ ಎಳೆದೆ. ಎಣ್ಣೆ ‘ಹಾಟ್’ ಎಂದು ಬರೆದ ಗೆರೆಗಿಂತ ಬಹಳ ಕೆಳಗಿತ್ತು. ಅದು ಮುಟ್ಟುವಷ್ಟು ಸುರಿದು, ಒಳ್ಳೆಯ ಕೆಲಸ ಮಾಡಿದೆನೆಂದು ಮಂಗಳೂರಿನಿಂದ ಹೊರಟೆ. ಚಾರ್ಮಾಡಿ ಘಾಟಿಯ ಅರ್ಧ ಏರುವ ಹೊತ್ತಿಗೆ ಗೇರು ಜಾರತೊಡಗಿತು, ಬಾನೆಟ್ಟಿನ ಸಂದಿನಿಂದ ನೀಲಿ ಹೊಗೆ ಬಂತು. ನಿಲ್ಲಿಸಿ ನೋಡಿದರೆ ಗೇರ್‌ಬಾಕ್ಸಿನ ಬ್ರೀದರ್ ಎಂಬ ಗಾಳಿಕಿಂಡಿಯ ಬಾಯಿಂದ ಎಣ್ಣೆ ಹಾಲುಕ್ಕಿದಂತೆ ನೊರೆನೊರೆಯಾಗಿ ಉಕ್ಕಿ ಬಿಸಿ ಸೈಲೆನ್ಸರ್ ಪೈಪಿನ ಮೇಲೆ ಬಿದ್ದಿತ್ತು. ಎಣ್ಣೆ ಹೆಚ್ಚಾದರೆ ಒಳಗೆ ತಿರುಗುವ ಗೇರುಗಳು ಅದನ್ನು ಮಜ್ಜಿಗೆಯಂತೆ ಕಡೆದು ನೊರೆ ಎಬ್ಬಿಸುತ್ತವೆ, ನೊರೆಯೆಂದರೆ ಗಾಳಿ, ಗಾಳಿಯೆಂದರೆ ಒತ್ತಡವಿಲ್ಲ. ಕಡಿಮೆಯಾದಾಗ ಕಾಣುವ ಲಕ್ಷಣವೇ ಹೆಚ್ಚಾದಾಗಲೂ ಕಾಣುವುದರಿಂದಲೇ, ಲಕ್ಷಣವೊಂದನ್ನೇ ನಂಬಿ ಸುರಿಯಬಾರದು.

ತಣ್ಣಗಿರುವಾಗಿನ ಓದು ಏಕೆ ಸುಳ್ಳಾಗುತ್ತದೆ ಎಂಬುದಕ್ಕೆ ಲೆಕ್ಕವಿದೆ. ಎಣ್ಣೆ ಬಿಸಿಯಾದಂತೆ ಹಿಗ್ಗುತ್ತದೆ. 25 ಡಿಗ್ರಿ ಸೆಲ್ಸಿಯಸ್‌ನಿಂದ 75 ಡಿಗ್ರಿಗೆ ಏರಿದರೆ ಸುಮಾರು ಶೇ. 4ರಷ್ಟು. ಗೇರ್‌ಬಾಕ್ಸಿನಲ್ಲಿ ಒಟ್ಟು 7 ಲೀಟರ್ ಇದ್ದರೆ ಅದು ಕಾಲು ಲೀಟರಿಗೂ ತುಸು ಹೆಚ್ಚು, ಮತ್ತು ಆ ಏರಿಕೆಯೆಲ್ಲ ಕೊನೆಗೆ ಚೇಂಬರಿನಲ್ಲೇ ಕಾಣಿಸಿಕೊಳ್ಳುತ್ತದೆ. ಕಡ್ಡಿಯ ಮೇಲಿನ ‘ಕೋಲ್ಡ್’ ಗುರುತು ಎಣ್ಣೆ ಬದಲಾಯಿಸಿದ ತಕ್ಷಣ ಎಂಜಿನ್ ಓಡಿಸಲು ಸಾಕಷ್ಟಿದೆಯೇ ಎಂದು ನೋಡಲು ಮಾತ್ರ. ತೀರ್ಪು ‘ಹಾಟ್’ ಗುರುತಿನದು, ಅದೂ ಎಣ್ಣೆ 70ರಿಂದ 80 ಡಿಗ್ರಿಯಲ್ಲಿರುವಾಗ.

ಆ ಬಿಸಿ ನಿಂತಲ್ಲೇ ಎಂಜಿನ್ ಓಡಿಸಿದರೆ ಬೇಗ ಬರುವುದಿಲ್ಲ. ಊರೊಳಗೆ ಹದಿನೈದು ಇಪ್ಪತ್ತು ಕಿಲೋಮೀಟರ್ ಓಡಿಸಿ ಬನ್ನಿ. ಘಾಟಿ ಹತ್ತಿಳಿದು ಅಥವಾ ಬೇಸಿಗೆಯ ಮಧ್ಯಾಹ್ನ ಟ್ರಾಫಿಕ್ಕಿನಲ್ಲಿ ಬೆಂದು ಬಂದಿದ್ದರೆ ಅರ್ಧ ಗಂಟೆ ಆರಲು ಬಿಡಿ. ಕಾರು ಸಮತಟ್ಟಾದ ನೆಲದ ಮೇಲೆ ನಿಂತಿರಬೇಕು; ನಮ್ಮ ಮನೆಗಳ ಪೋರ್ಟಿಕೋಗಳು ಮಳೆನೀರು ಹರಿಯಲೆಂದು ರಸ್ತೆಯ ಕಡೆಗೆ ಇಳಿಜಾರಾಗಿರುತ್ತವೆ ಎಂಬುದನ್ನು ಮರೆಯಬೇಡಿ. ಹ್ಯಾಂಡ್‌ಬ್ರೇಕ್ ಎಳೆದು, ಚಕ್ರಗಳಿಗೆ ಕಲ್ಲು ಕೊಟ್ಟು, ಬ್ರೇಕ್ ಒತ್ತಿಕೊಂಡು ಲಿವರನ್ನು ಪ್ರತಿ ಗೇರಿನಲ್ಲೂ ಎರಡು ಮೂರು ಸೆಕೆಂಡು ನಿಲ್ಲಿಸುತ್ತ ಒಮ್ಮೆ ಕೆಳಗೆ ಒಮ್ಮೆ ಮೇಲೆ ಒಯ್ದು, ಕಾರಿನ ಪುಸ್ತಕ ಹೇಳಿದಂತೆ ‘ಪಿ’ ಅಥವಾ ‘ಎನ್’ನಲ್ಲಿ ಬಿಡಿ. ಎಂಜಿನ್ ಓಡುತ್ತಿರುವಾಗಲೇ ಕಡ್ಡಿ ಎಳೆದು, ಒರೆಸಿ, ಪೂರ್ತಿ ಒಳಗೆ ತಳ್ಳಿ, ಮತ್ತೆ ಎಳೆದು ಎರಡೂ ಮುಖ ನೋಡಿ. ಯಾವ ಮುಖದಲ್ಲಿ ಗೆರೆ ಕೆಳಗಿದೆಯೋ ಅದನ್ನೇ ನಂಬಿ. ಹೋಂಡಾದ ಹಳೆಯ ಟಾರ್ಕ್ ಕನ್ವರ್ಟರ್ ಕಾರುಗಳು ಇದಕ್ಕೆ ಅಪವಾದ: ಅವುಗಳಲ್ಲಿ ಬಿಸಿಯಾದ ಮೇಲೆ ಎಂಜಿನ್ ನಿಲ್ಲಿಸಿ, 60ರಿಂದ 90 ಸೆಕೆಂಡಿನೊಳಗೆ ನೋಡಬೇಕು. ಎಲ್ಲ ಕಾರಿಗೂ ಒಂದೇ ವಿಧಾನ ಎಂದುಕೊಂಡವರು ಇಲ್ಲಿ ಎಡವುತ್ತಾರೆ.

ಒರೆಸಲು ಕಾಟನ್ ವೇಸ್ಟ್ ಬೇಡ. ಅದರ ಒಂದು ಎಳೆ ಕೊಳವೆಯೊಳಗೆ ಹೋದರೆ ಎಣ್ಣೆಯನ್ನು ಆಯಾ ಗೇರಿಗೆ ಹಂಚುವ ವಾಲ್ವ್ ಬಾಡಿಯ ಕೂದಲೆಳೆಯಷ್ಟು ಸಣ್ಣ ದಾರಿಗಳಲ್ಲಿ ಸಿಕ್ಕಿಕೊಳ್ಳಬಹುದು. ನಯವಾದ ಹಳೆಯ ಪಂಚೆಯ ತುಂಡು ಅಥವಾ ಟಿಶ್ಯೂ ಕಾಗದ ಸಾಕು.

ಬಣ್ಣ ಮತ್ತು ವಾಸನೆ

ಕಡ್ಡಿಯ ತುದಿಯ ಹನಿಯನ್ನು ಬಿಳಿ ಕಾಗದದ ಮೇಲೆ ಬೀಳಿಸಿ ಹತ್ತು ನಿಮಿಷ ಬಿಡಿ. ತಿಳಿಯಾದ ಕೆಂಪು ಬಣ್ಣವಿದ್ದು ಅಗಲವಾಗಿ ಹರಡಿಕೊಂಡರೆ ಎಣ್ಣೆ ಚೆನ್ನಾಗಿದೆ. ಕಂದು ಬಣ್ಣಕ್ಕೆ ತಿರುಗಿದ್ದರೆ ವಯಸ್ಸಾಗಿದೆ, ಬದಲಾಯಿಸುವ ಯೋಚನೆ ಮಾಡಬಹುದು. ಕಪ್ಪಾಗಿ, ಹನಿಯ ನಡುವೆ ಕಾಡಿಗೆಯಂಥ ಚುಕ್ಕೆ ಉಳಿದು, ಮೂಗಿಗೆ ಹಿಡಿದರೆ ಸುಟ್ಟ ವಾಸನೆ ಬಂದರೆ ಕ್ಲಚ್ ಪ್ಲೇಟುಗಳ ಮೇಲಿನ ಪದರ ಬೆಂದು ಎಣ್ಣೆಯೊಳಗೆ ಸೇರಿದೆ. ಈ ಹಂತದಲ್ಲಿ ಎಷ್ಟು ಹೊಸ ಎಣ್ಣೆ ಸುರಿದರೂ ಸವೆದ ಪ್ಲೇಟು ಬೆಳೆಯುವುದಿಲ್ಲ. ಗೇರ್‌ಬಾಕ್ಸ್ ಬಿಚ್ಚುವವರ ಹತ್ತಿರ ಹೋಗುವುದೇ ದಾರಿ.

ಇನ್ನೊಂದು ಬಣ್ಣವಿದೆ, ಬೇಕರಿಯ ರೋಸ್ ಮಿಲ್ಕಿನದು. ಹಲವು ಕಾರುಗಳಲ್ಲಿ ಗೇರ್‌ಬಾಕ್ಸಿನ ಎಣ್ಣೆ ತಣಿಯುವ ಕೊಳವೆ ರೇಡಿಯೇಟರಿನ ತೊಟ್ಟಿಯೊಳಗೇ ಇರುತ್ತದೆ. ಅದು ತೂತಾದರೆ ಕೂಲೆಂಟ್ ಎಣ್ಣೆಯೊಳಕ್ಕೆ ನುಗ್ಗಿ ಹಾಲುಗುಲಾಬಿ ಬಣ್ಣದ ಗಟ್ಟಿ ದ್ರವವಾಗುತ್ತದೆ. ಇದನ್ನು ಕಂಡಮೇಲೆ ಕಾರನ್ನು ಗ್ಯಾರೇಜಿನವರೆಗೂ ಓಡಿಸಬೇಡಿ. ಪ್ಲೇಟಿನ ಮೇಲಿನ ಕಾಗದದಂಥ ಪದರ ನೀರು ಕುಡಿದು ಅಂಟು ಬಿಡುತ್ತದೆ.

ಸೋರಿಕೆಯ ಪತ್ತೆ

ಮಟ್ಟ ಕಡಿಮೆ, ಬಣ್ಣ ಕೆಂಪು, ವಾಸನೆ ಇಲ್ಲ ಎಂದಾದರೆ ಸೋರಿಕೆ ಹುಡುಕುವ ಸರದಿ. ನಮ್ಮ ಬೀದಿಯಲ್ಲಿ ನಿವೃತ್ತ ಮೇಷ್ಟ್ರೊಬ್ಬರು ಇದ್ದಾರೆ. ಅವರದು ನಾಲ್ಕು ಗೇರಿನ ಹಳೆಯ ಸಣ್ಣ ಆಟೊಮ್ಯಾಟಿಕ್ ಕಾರು. ‘ಆಯಿಲ್ ಹಾಕಿಸಿದ ಎರಡು ತಿಂಗಳು ಚೆನ್ನಾಗಿರತ್ತೆ ಕಣಪ್ಪಾ, ಆಮೇಲೆ ಮತ್ತೆ ಅದೇ ಕಥೆ’ ಎಂದು ಒಂದು ವರ್ಷದಿಂದ ಹೇಳುತ್ತಿದ್ದರು. ಪ್ರತಿ ಸಲ ಅರ್ಧ ಲೀಟರ್. ರಾತ್ರಿ ಕಾರಿನ ಕೆಳಗೆ ನಾಲ್ಕು ಹಾಳೆ ದಿನಪತ್ರಿಕೆ ಹಾಸಿ, ಅದರ ಮೇಲೆ ಮುಂಚಕ್ರಗಳ ಜಾಗವನ್ನು ಪೆನ್ನಿನಲ್ಲಿ ಗುರುತು ಮಾಡಿದೆವು. ಬೆಳಿಗ್ಗೆ ಎಡ ಮುಂಚಕ್ರದ ಒಳಮಗ್ಗುಲಿಗೆ ಮೂರು ಕೆಂಪು ಹನಿಗಳಿದ್ದವು.

ಹನಿ ಯಾವುದರದು ಎಂಬುದು ಮೊದಲ ಪ್ರಶ್ನೆ. ಕೆಂಪು ಎಂದ ಮಾತ್ರಕ್ಕೆ ಗೇರ್‌ಬಾಕ್ಸಿನದೇ ಆಗಬೇಕಿಲ್ಲ. ಕೆಲವು ಕೂಲೆಂಟುಗಳೂ ಕೆಂಪಾಗಿರುತ್ತವೆ, ಹೈಡ್ರಾಲಿಕ್ ಪವರ್ ಸ್ಟೀರಿಂಗ್ ಇರುವ ಹಲವು ಕಾರುಗಳಲ್ಲಿ ಅದಕ್ಕೂ ಎಟಿಎಫ್ಫನ್ನೇ ಹಾಕುತ್ತಾರೆ. ಒಂದು ಲೋಟ ನೀರಿಗೆ ಹನಿಯನ್ನು ಬಿಡಿ: ತೇಲಿದರೆ ಎಣ್ಣೆ, ಕರಗಿದರೆ ಕೂಲೆಂಟ್. ಸ್ಟೀರಿಂಗಿನದೋ ಎಂದು ತಿಳಿಯಲು ಅದರ ಪುಟ್ಟ ಡಬ್ಬಿಯ ಮಟ್ಟಕ್ಕೆ ಗುರುತು ಹಾಕಿ ಒಂದು ವಾರ ನೋಡಬೇಕು. ಮೇಷ್ಟ್ರ ಕಾರಿನದು ಎಲೆಕ್ಟ್ರಿಕ್ ಸ್ಟೀರಿಂಗ್, ಆ ಗೊಂದಲ ಇರಲಿಲ್ಲ. ಹನಿ ಬಿದ್ದ ಜಾಗ ಡ್ರೈವ್ ಶಾಫ್ಟಿನ ನೇರ ಕೆಳಗಿತ್ತು. ಆದ್ದರಿಂದ ಶಾಫ್ಟಿನ ಆಯಿಲ್ ಸೀಲೇ ಹೋಗಿದೆ ಎಂದು ನಾವಿಬ್ಬರೂ ತೀರ್ಮಾನಿಸಿಬಿಟ್ಟಿದ್ದೆವು.

ತೀರ್ಮಾನ ತಪ್ಪೆಂದು ತೋರಿಸಿದ್ದು ಮೇಷ್ಟ್ರ ಗಣಿತ. ಇಪ್ಪತ್ತು ಹನಿಗೆ ಒಂದು ಮಿ.ಲೀ. ಎಂದು ಹಿಡಿದರೆ, ರಾತ್ರಿಗೆ ಮೂರು ಹನಿಯಂತೆ 60 ರಾತ್ರಿಗೆ 9 ಮಿ.ಲೀ. ಆಗುತ್ತದೆ. ಅವರು ಹಾಕಿಸುತ್ತಿದ್ದದ್ದು 500 ಮಿ.ಲೀ. ಹಾಗಾದರೆ ಉಳಿದ 491 ಮಿ.ಲೀ. ಕಾರು ಓಡುವಾಗ, ಒತ್ತಡ ಇರುವಾಗ ಹೋಗುತ್ತಿದೆ. ಡ್ರೈವ್ ಶಾಫ್ಟ್ ಸೀಲಿನ ಹಿಂದೆ ಪಂಪಿನ ಒತ್ತಡ ಇರುವುದಿಲ್ಲ, ಅಲ್ಲಿಗೆ ತಲುಪುವುದು ಎರಚಿದ ಎಣ್ಣೆ ಮಾತ್ರ. ಒತ್ತಡವಿರುವ, ಹೊರಗಿನಿಂದ ಕಾಣುವ ಜಾಗವೆಂದರೆ ಕೂಲರಿಗೆ ಹೋಗಿಬರುವ ಎರಡು ಹೋಸುಗಳು. ರಾತ್ರಿಯ ಹನಿಗೂ ಓಡುವಾಗಿನ ನಷ್ಟಕ್ಕೂ ಇಷ್ಟು ಅಂತರ ಕಂಡರೆ ಹೋಸಿನ ಕಡೆಗೇ ಮೊದಲು ನೋಡಬೇಕು.

ಎಣ್ಣೆ ಮೆತ್ತಿದ ಗೇರ್‌ಬಾಕ್ಸಿನಲ್ಲಿ ಮೂಲ ಕಾಣುವುದಿಲ್ಲ. ಓಡುವಾಗಿನ ಗಾಳಿ ಎಣ್ಣೆಯನ್ನು ಹಿಂದಕ್ಕೆ, ಗುರುತ್ವ ಕೆಳಕ್ಕೆ ಒಯ್ದು ಎಲ್ಲವನ್ನೂ ಒಂದೇ ಬಣ್ಣ ಮಾಡಿರುತ್ತದೆ. ಡಿಗ್ರೀಸರ್ ಹಚ್ಚಿ ತೊಳೆದು, ಒಣಗಿಸಿ, ಅನುಮಾನದ ಜಾಗಗಳಿಗೆಲ್ಲ ಟಾಲ್ಕಂ ಪೌಡರ್ ಉದುರಿಸಿ ಹತ್ತು ಕಿಲೋಮೀಟರ್ ಓಡಿಸಿ ಬಂದೆವು. ಬೆಳ್ಳನೆಯ ಪುಡಿಯ ನಡುವೆ ಕೆಂಪು ಗೆರೆಯೊಂದು ಹೋಸಿನ ತುದಿಯಿಂದ ಹೊರಟು, ಗೇರ್‌ಬಾಕ್ಸಿನ ಅಂಚು ಹಿಡಿದು ಇಳಿದು, ಶಾಫ್ಟಿನ ಬಳಿ ಹನಿಯಾಗಿ ತೂಗುತ್ತಿತ್ತು. ಯಾವಾಗಲೋ ರೇಡಿಯೇಟರ್ ಬಿಚ್ಚಿ ಜೋಡಿಸಿದವರು ಹೋಸಿನ ಸ್ಪ್ರಿಂಗ್ ಕ್ಲಿಪ್ಪನ್ನು ಪೈಪಿನ ಉಬ್ಬಿಗಿಂತ ಅರ್ಧ ಬೆರಳು ಹಿಂದಕ್ಕೆ ಬಿಡುವ ಬದಲು ಉಬ್ಬಿನ ಮೇಲೆಯೇ ಕೂರಿಸಿದ್ದರು. ಗಟ್ಟಿಯಾಗಿ ಬಿರುಕು ಬಿಟ್ಟಿದ್ದ ಹೋಸನ್ನೂ ಕ್ಲಿಪ್ಪನ್ನೂ ಬದಲಾಯಿಸಿದೆವು. ಇಲ್ಲಿ ಎಣ್ಣೆಗೆಂದೇ ಮಾಡಿದ ಹೋಸು ಬೇಕು. ಕೂಲೆಂಟಿನ ಹೋಸು ಹಾಕಿದರೆ ಅದು ಎಣ್ಣೆಗೆ ಊದಿಕೊಂಡು ಕೆಲವೇ ತಿಂಗಳಲ್ಲಿ ಮೆತ್ತಗಾಗುತ್ತದೆ.

ಬೇರೆ ಸೋರುವ ಜಾಗಗಳೂ ಉಂಟು: ಚೇಂಬರಿನ ಪ್ಯಾಕಿಂಗ್, ಡ್ರೈನ್ ಬೋಲ್ಟಿನ ವಾಷರ್, ಡಿಪ್‌ಸ್ಟಿಕ್ ಕೊಳವೆಯ ಬುಡದ ರಬ್ಬರ್ ಉಂಗುರ, ಲಿವರಿನ ಕೇಬಲ್ ಸೇರುವ ಶಾಫ್ಟಿನ ಸೀಲ್. ಇವೆಲ್ಲ ಹೊರಗಿನವು, ಕೈಗೆ ಸಿಗುತ್ತವೆ. ಎಂಜಿನ್ ಮತ್ತು ಗೇರ್‌ಬಾಕ್ಸ್ ಕೂಡುವ ಬೆಲ್ ಹೌಸಿಂಗಿನ ತಳದಿಂದ ಹನಿಯುತ್ತಿದ್ದು, ಬಣ್ಣ ಕೆಂಪಾಗಿದ್ದರೆ ಮಾತ್ರ ಕನ್ವರ್ಟರಿನ ಸೀಲು ಹೋಗಿದೆ; ಅದಕ್ಕೆ ಗೇರ್‌ಬಾಕ್ಸನ್ನೇ ಇಳಿಸಬೇಕಾಗುತ್ತದೆ. ಅಲ್ಲಿಂದ ಕಪ್ಪು ಎಣ್ಣೆ ಬಂದರೆ ಅದು ಎಂಜಿನ್ನಿನ ಹಿಂಬದಿಯ ಸೀಲಿನದು.

ಯಾವ ಎಣ್ಣೆ

‘ಎಟಿಎಫ್’ ಎಂಬುದು ಜಾತಿಯ ಹೆಸರು, ವ್ಯಕ್ತಿಯ ಹೆಸರಲ್ಲ. ಹ್ಯುಂಡೈನ ನಾಲ್ಕು ಗೇರಿನವಕ್ಕೆ ಎಸ್‌ಪಿ-3, ಆರು ಗೇರಿನವಕ್ಕೆ ಎಸ್‌ಪಿ-4. ಟೊಯೋಟಾದ ಹಳೆಯವಕ್ಕೆ ಟಿ-4, ಹೊಸವಕ್ಕೆ ಡಬ್ಲ್ಯುಎಸ್. ಹೋಂಡಾಕ್ಕೆ ಮೊದಲು ಝಡ್-1, ಈಗ ಡಿಡಬ್ಲ್ಯು-1. ಬಣ್ಣ ಎಲ್ಲದರದೂ ಹೆಚ್ಚುಕಡಿಮೆ ಕೆಂಪೇ ಆದ್ದರಿಂದ ಅಂಗಡಿಯವರು ‘ಎಲ್ಲ ಒಂದೇ ಸಾರ್’ ಎನ್ನುತ್ತಾರೆ. ವ್ಯತ್ಯಾಸ ಇರುವುದು ಎಣ್ಣೆಯ ತೆಳುವಿನಲ್ಲಿ ಮತ್ತು ಕ್ಲಚ್ ಪ್ಲೇಟುಗಳು ಎಷ್ಟು ಹದವಾಗಿ ಹಿಡಿಯಬೇಕೆಂದು ನಿರ್ಧರಿಸುವ ರಾಸಾಯನಿಕದಲ್ಲಿ. ಅಮೆರಿಕದಲ್ಲಿ 1970ರ ದಶಕದ ಆರಂಭದವರೆಗೆ ಆ ಹದಕ್ಕಾಗಿ ತಿಮಿಂಗಿಲದ ಎಣ್ಣೆಯನ್ನು ಬೆರೆಸುತ್ತಿದ್ದರು. ತಿಮಿಂಗಿಲಗಳಿಗೆ ಕಾನೂನಿನ ರಕ್ಷಣೆ ಬಂದ ಮೇಲೆ ಬದಲಿ ಹುಡುಕುವುದು ಆ ಉದ್ಯಮಕ್ಕೆ ದೊಡ್ಡ ತಲೆನೋವಾಗಿತ್ತು. ಎಣ್ಣೆಗಳ ನಡುವೆ ಈ ವ್ಯತ್ಯಾಸ ಇರುವುದರಿಂದಲೇ ಡಿಪ್‌ಸ್ಟಿಕ್ಕಿನ ಹಿಡಿಯ ಮೇಲೋ ಕಾರಿನ ಪುಸ್ತಕದಲ್ಲೋ ಇರುವ ಹೆಸರು ಡಬ್ಬಿಯ ಮೇಲೂ ಇರಬೇಕು. ಎಲ್ಲ ಕಾರಿಗೂ ಆಗುತ್ತದೆ ಎಂದು ಮಾರುವ ಎಣ್ಣೆಯನ್ನೂ ಬಾಟಲಿಯಲ್ಲಿ ಬರುವ ‘ಸೋರಿಕೆ ನಿಲ್ಲಿಸುವ ದ್ರಾವಣ’ವನ್ನೂ ನಾನು ಕೊಳ್ಳುವುದಿಲ್ಲ. ಆ ದ್ರಾವಣ ರಬ್ಬರನ್ನು ಊದಿಸಿ ಕೆಲವು ದಿನ ಸೋರಿಕೆಯನ್ನು ಮರೆಸುತ್ತದೆ. ಸಡಿಲ ಕ್ಲಿಪ್ಪನ್ನು ಬಿಗಿ ಮಾಡುವುದಿಲ್ಲ.

ಸುರಿಯುವುದು

ಸೋರಿಕೆ ನಿಂತ ಮೇಲಿನ ಈ ಕೆಲಸ ಸರಳ, ಆದರೆ ಅವಸರ ಸಲ್ಲದು. ಡಿಪ್‌ಸ್ಟಿಕ್ ಇರುವ ಕಾರಿನಲ್ಲಿ ಎಣ್ಣೆ ಹಾಕುವುದೂ ಸಾಮಾನ್ಯವಾಗಿ ಅದೇ ಕೊಳವೆಯ ಮೂಲಕ. ಸುತ್ತಲಿನ ಧೂಳನ್ನು ಒರೆಸಿ, ಉದ್ದ ಮತ್ತು ಸಪೂರ ಮೂತಿಯ ಶುದ್ಧವಾದ ಫನಲ್ ಇಟ್ಟು, ಕಾರು ಬಿಸಿಯಿದ್ದು ಎಂಜಿನ್ ಓಡುತ್ತಿರುವಾಗ ಒಂದು ಸಲಕ್ಕೆ 200 ಮಿ.ಲೀ.ಗಿಂತ ಹೆಚ್ಚಿಲ್ಲದಂತೆ ಸುರಿಯಿರಿ. ಎರಡು ನಿಮಿಷ ಕಾಯಿರಿ. ಕೊಳವೆಯ ಗೋಡೆಗೆ ಹತ್ತಿದ ಎಣ್ಣೆ ಇಳಿಯದೆ ಕಡ್ಡಿ ಹಾಕಿದರೆ ಅದು ಮೇಲಿನವರೆಗೂ ಒದ್ದೆಯಾಗಿ ಬರುತ್ತದೆ. ಲಿವರನ್ನು ಮತ್ತೊಮ್ಮೆ ಎಲ್ಲ ಗೇರುಗಳ ಮೂಲಕ ಒಯ್ದು ನೋಡಿ, ಕಡಿಮೆಯಿದ್ದರೆ ಇನ್ನೊಂದಿಷ್ಟು. ‘ಹಾಟ್’ ಗುರುತಿನ ಎರಡು ಗೆರೆಗಳ ನಡುವೆ ಬಂದರೆ ಸಾಕು, ಮೇಲಿನ ಗೆರೆ ಮುಟ್ಟಿಸುವ ಹಟ ಬೇಡ. ರೇಡಿಯೇಟರ್ ಫ್ಯಾನು ಹೇಳದೆ ಕೇಳದೆ ತಿರುಗತೊಡಗುತ್ತದೆ. ಶಲ್ಯ, ದುಪಟ್ಟಾ, ಸಡಿಲ ತೋಳು ಅದರ ಹತ್ತಿರ ಸುಳಿಯಬಾರದು. ಬಾಗಿಲು ಮುಚ್ಚಿದ ಶೆಡ್ಡಿನಲ್ಲಿ ಎಂಜಿನ್ ಓಡಿಸುತ್ತ ಈ ಕೆಲಸ ಮಾಡಬಾರದು.

ಹೆಚ್ಚಾದರೆ ಹೊರಗೆ ತೆಗೆಯಲೇಬೇಕು. ಎಂಜಿನ್ ನಿಲ್ಲಿಸಿ, ಆರಲು ಬಿಟ್ಟು, 50 ಮಿ.ಲೀ.ಯ ಸಿರಿಂಜಿಗೆ ಗ್ಲೂಕೋಸ್ ಬಾಟಲಿಯ ಹೊಸ ನಳಿಗೆ ಸಿಕ್ಕಿಸಿ ಡಿಪ್‌ಸ್ಟಿಕ್ಕಿನ ಕೊಳವೆಯೊಳಗೆ ಬಿಟ್ಟು ಹೀರಬಹುದು. ಚಾರ್ಮಾಡಿಯಿಂದ ಬಂದ ಮೇಲೆ ನಾನು ಹಾಗೆ ಎಂಟು ಸಿರಿಂಜು ತೆಗೆದೆ.

ಎಣ್ಣೆ ಹಳೆಯದಾಗಿದ್ದು ಬದಲಾಯಿಸುವುದೇ ಆದರೆ, ಡ್ರೈನ್ ಬೋಲ್ಟ್ ಬಿಚ್ಚಿದಾಗ ಬರುವುದು ಒಟ್ಟು ಎಣ್ಣೆಯ ಒಂದು ಭಾಗ ಮಾತ್ರ ಎಂಬುದು ಗೊತ್ತಿರಲಿ. ಉಳಿದದ್ದು ಕನ್ವರ್ಟರ್ ಮತ್ತು ಕೂಲರಿನಲ್ಲಿ ನಿಂತಿರುತ್ತದೆ. ಒಂದು ಸಲಕ್ಕೆ ನೂರಕ್ಕೆ 40 ಪಾಲು ಇಳಿಯುತ್ತದೆ ಎಂದಿಟ್ಟುಕೊಂಡರೆ, ನಡುವೆ ಕೆಲವು ನೂರು ಕಿಲೋಮೀಟರ್ ಓಡಿಸುತ್ತ ಮೂರು ಸಲ ಹೀಗೆ ಮಾಡಿದಾಗ ಒಳಗಿನ ಎಣ್ಣೆಯಲ್ಲಿ ಹೊಸದರ ಪಾಲು 40, ಆಮೇಲೆ 64, ಆಮೇಲೆ 78 ಆಗುತ್ತದೆ. ಬಹಳ ಹಳೆಯ ಎಣ್ಣೆಯಿರುವ ಗೇರ್‌ಬಾಕ್ಸಿಗೆ ಯಂತ್ರ ಹಚ್ಚಿ ಒಮ್ಮೆಗೇ ಫ್ಲಷ್ ಮಾಡಿಸುವುದಕ್ಕಿಂತ ನನಗೆ ಈ ನಿಧಾನದ ದಾರಿಯೇ ಹಿಡಿಸುತ್ತದೆ. ಇಳಿದ ಎಣ್ಣೆಯನ್ನು ಒಂದು ಲೀಟರಿನ ನೀರಿನ ಬಾಟಲಿಗಳಿಗೆ ತುಂಬಿ ಅಳೆದು, ಅಷ್ಟನ್ನೇ ಮೊದಲು ಒಳಗೆ ಹಾಕಿ, ಆಮೇಲೆ ಬಿಸಿ ಮಾಡಿ ಕಡ್ಡಿ ನೋಡಿ. ಆದರೆ ಮೊದಲೇ ಸೋರಿ ಕಡಿಮೆಯಾಗಿದ್ದರೆ ಇಳಿದಷ್ಟನ್ನೇ ಹಾಕಿದಾಗ ಅದೇ ಕೊರತೆ ಮುಂದುವರಿಯುತ್ತದೆ ಎಂಬುದನ್ನು ಮರೆಯಬಾರದು. ಡ್ರೈನ್ ಬೋಲ್ಟಿಗೆ ಹೊಸ ವಾಷರ್ ಹಾಕಿ. ದಾರ ಕೊರೆದಿರುವುದು ಅಲ್ಯೂಮಿನಿಯಮ್ಮಿನಲ್ಲಾದರೆ ತೋಳಿನ ಬಲ ತೋರಿಸಬೇಡಿ. ಚೇಂಬರ್ ಬಿಚ್ಚಿದರೆ ಒಳಗಿನ ಅಯಸ್ಕಾಂತದ ಮೇಲೆ ಬೂದು ಬಣ್ಣದ ನುಣುಪಾದ ಕೆಸರು ಇರುವುದು ಸಹಜ. ಬೆರಳಿಗೆ ಚುಚ್ಚುವ ಚೂರುಗಳಿದ್ದರೆ ಒಳಗೆ ಏನೋ ಒಡೆದಿದೆ.

ಕಾರಿನ ಕೆಳಗೆ ಹೋಗುವಾಗ ಬರೀ ಜಾಕಿಯನ್ನು ನಂಬಬೇಡಿ, ಸ್ಟ್ಯಾಂಡ್ ಇಡಿ. ಬಿಸಿ ಎಣ್ಣೆ ಮೊಣಕೈವರೆಗೂ ಹರಿಯುತ್ತದೆ, ಉದ್ದ ತೋಳಿನ ಕೈಗವಸು ಇರಲಿ.

ಡಿಪ್‌ಸ್ಟಿಕ್ ಇಲ್ಲದ ಕಾರುಗಳು

ಈಚಿನ ಹಲವು ಕಾರುಗಳಲ್ಲಿ ಕಡ್ಡಿಯೇ ಇಲ್ಲ. ತಳದಲ್ಲೊಂದು ಬೋಲ್ಟು, ಅದರೊಳಗೆ ನಿಂತ ಒಂದು ಗಿಡ್ಡ ಕೊಳವೆ. ಎಣ್ಣೆ ಕಾರು ತಯಾರಕರು ಹೇಳಿದ ಉಷ್ಣತೆಯಲ್ಲಿರುವಾಗ, ಎಂಜಿನ್ ಓಡುತ್ತಿರುವಾಗ ಆ ಬೋಲ್ಟು ಬಿಚ್ಚಿದರೆ ಹೆಚ್ಚಾದದ್ದು ಸುರಿದುಹೋಗಿ ಕೊನೆಗೆ ಹನಿಹನಿಯಾಗಿ ನಿಲ್ಲಬೇಕು. ಆ ಉಷ್ಣತೆ ಹಲವು ಕಾರುಗಳಲ್ಲಿ 35ರಿಂದ 45 ಡಿಗ್ರಿಯ ಆಸುಪಾಸು, ಅಂದರೆ ಡಿಪ್‌ಸ್ಟಿಕ್ ಕಾರಿಗಿಂತ ಬಹಳ ಕಡಿಮೆ. ನಮ್ಮ ಏಪ್ರಿಲ್ ಮಧ್ಯಾಹ್ನದಲ್ಲಿ ರಾಯಚೂರಿನಲ್ಲೋ ಕಲಬುರಗಿಯಲ್ಲೋ ಬಿಸಿಲಲ್ಲಿ ನಿಂತ ಕಾರು ಸ್ಟಾರ್ಟ್ ಮಾಡುವ ಮೊದಲೇ ಅದನ್ನು ಮುಟ್ಟಿರುತ್ತದೆ. ಅಲ್ಲಿ ಈ ಕೆಲಸಕ್ಕೆ ಮುಂಜಾವವೇ ಸರಿ. ಉಷ್ಣತೆಯನ್ನು ಕಾರಿನ ಕಂಪ್ಯೂಟರಿಗೆ ಜೋಡಿಸುವ ಒಬಿಡಿ ಸ್ಕ್ಯಾನರಿನಲ್ಲಿ ಓದಬೇಕು, ಕೈಮುಟ್ಟಿ ಅಂದಾಜಿಸುವುದಲ್ಲ. ಕಾರಿನ ನಾಲ್ಕೂ ಚಕ್ರ ಒಂದೇ ಮಟ್ಟದಲ್ಲಿರಬೇಕಾದ್ದರಿಂದ, ಮುಂದೆರಡು ಸ್ಟ್ಯಾಂಡ್ ಕೊಟ್ಟು ಮಾಡಿದ ಅಳತೆ ತಪ್ಪೇ. ಪಿಟ್ ಅಥವಾ ಲಿಫ್ಟ್ ಇಲ್ಲದಿದ್ದರೆ ಇದನ್ನು ಮನೆಯಲ್ಲಿ ಕೈಗೆತ್ತಿಕೊಳ್ಳಬೇಡಿ ಎಂಬುದು ನನ್ನ ಅಭಿಪ್ರಾಯ. ಕೈಗೆತ್ತಿಕೊಂಡವರು ಕೆಳಗಿನ ಬೋಲ್ಟಿಗೆ ಮೊದಲು ಮೇಲಿನ ಫಿಲ್ಲರ್ ಬೋಲ್ಟು ಬಿಚ್ಚುತ್ತದೆಯೇ ಎಂದು ನೋಡಿಕೊಳ್ಳಬೇಕು. ಎಣ್ಣೆ ಇಳಿಸಿಯಾದ ಮೇಲೆ ಫಿಲ್ಲರ್ ಕಚ್ಚಿಕೊಂಡಿದೆ ಎಂದು ತಿಳಿದರೆ ಕಾರು ಅಲ್ಲೇ ನಿಲ್ಲುತ್ತದೆ.

ಆಮೇಲೆ

ತುಂಬಿದ ದಿನ 20 ಕಿಲೋಮೀಟರ್ ಓಡಿಸಿ ಬಂದು ಕಡ್ಡಿ ನೋಡಿ, ರಾತ್ರಿ ಮತ್ತೆ ಪತ್ರಿಕೆ ಹಾಸಿ. 500 ಕಿಲೋಮೀಟರಿಗೆ ಇನ್ನೊಮ್ಮೆ. ಮೇಷ್ಟ್ರು ಗೇರು ಬೀಳುವ ಕಾಲವನ್ನು ಪಂಚಾಂಗದ ಅಂಚಿನಲ್ಲಿ ಬರೆದಿಡುತ್ತಿದ್ದಾರೆ: ಮೊದಲು ‘ಆರ್’ಗೆ 2.8 ಸೆಕೆಂಡ್ ಇದ್ದದ್ದು ಹೋಸು ಬದಲಾದ ಮರುದಿನ 1.3ಕ್ಕೆ ಬಂದಿತ್ತು, ಆರು ತಿಂಗಳ ಮೇಲೂ ಅಷ್ಟೇ ಇದೆ.

ಇಳಿಸಿದ ಎಣ್ಣೆಯನ್ನು ಗೆದ್ದಲಿಗೆಂದು ಕಂಬಕ್ಕೆ ಬಳಿಯುವುದು, ಚರಂಡಿಗೆ ಚೆಲ್ಲುವುದು ಎರಡೂ ಬೇಡ. 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳ ಪ್ರಕಾರ ಬಳಸಿದ ಎಣ್ಣೆ ನೋಂದಾಯಿತ ಮರುಸಂಸ್ಕರಣೆಯವರಿಗೆ ಸೇರಬೇಕಾದ ವಸ್ತು. ದೊಡ್ಡ ವರ್ಕ್‌ಶಾಪುಗಳಲ್ಲಿ ಅದನ್ನು ಕೂಡಿಡುವ ಬ್ಯಾರಲ್ ಇರುತ್ತದೆ, ಕೇಳಿ ಅಲ್ಲಿ ಕೊಟ್ಟುಬಿಡಿ.

ಮಟ್ಟ ಸರಿಯಾದ ಮೇಲೂ ‘ಡಿ’ಯಲ್ಲಿ ಕಾರು ಹೊರಡದಿದ್ದರೆ ಆಕ್ಸಿಲರೇಟರ್ ತುಳಿದು ಎಬ್ಬಿಸಲು ಹೋಗಬೇಡಿ. ಎಳೆದುಕೊಂಡು ಹೋಗುವಾಗ ಮುಂಚಕ್ರದ ಎಳೆತವಿರುವ ಕಾರಾದರೆ ಮುಂದಿನ ಚಕ್ರಗಳನ್ನು ನೆಲದಿಂದ ಎತ್ತಿಸಿ, ಅಥವಾ ಫ್ಲ್ಯಾಟ್‌ಬೆಡ್ ಲಾರಿಯ ಮೇಲೆ ಹೇರಿಸಿ. ಎಂಜಿನ್ ನಿಂತಿರುವಾಗ ಗೇರ್‌ಬಾಕ್ಸಿನ ಪಂಪೂ ನಿಂತಿರುತ್ತದೆ; ಚಕ್ರಗಳು ಉರುಳುತ್ತಿದ್ದರೆ ಒಳಗಿನ ಭಾಗಗಳು ಎಣ್ಣೆಯಿಲ್ಲದೆ ಒಣಗಿಕೊಂಡೇ ತಿರುಗುತ್ತವೆ.